ಹಂಸಕತ್ತಿನ ಫ್ಲಾಸ್ಕ್: ಪಾಶ್ಚರ್ ಪ್ರಯೋಗವನ್ನು ಶಾಲೆಯ ಲ್ಯಾಬಿನಲ್ಲಿ ಮಾಡುವ ಬಗೆ

ರೋಗಕ್ಕೆ ಸೂಕ್ಷ್ಮಜೀವಿಗಳು ಕಾರಣ ಎನ್ನುವ ಮೊದಲು ಇನ್ನೊಂದು ಜಗಳ ತೀರಬೇಕಿತ್ತು. ಕೆಟ್ಟ ಸಾರಿನಲ್ಲಿ ಕಾಣುವ ಜೀವಿಗಳು ಆ ಸಾರಿನಲ್ಲೇ ತಾವಾಗಿ ಹುಟ್ಟಿದವೋ, ಹೊರಗಿನಿಂದ ಬಂದು ಬಿದ್ದವೋ? ತಾವಾಗಿ ಹುಟ್ಟುವುದೇ ನಿಜವಾದರೆ ಗಾಯಕ್ಕೆ ಕೀವು ತುಂಬದಂತೆ ತಡೆಯಲು ದಾರಿಯೇ ಇಲ್ಲ. 1860ರ ಸುಮಾರಿಗೆ ಲೂಯಿ ಪಾಶ್ಚರ್ ಪ್ಯಾರಿಸ್‌ನಲ್ಲಿ ಇದಕ್ಕೆ ಉತ್ತರ ತೆಗೆದದ್ದು ಕತ್ತು ಬಾಗಿಸಿದ ಫ್ಲಾಸ್ಕ್‌ನಿಂದ. ಅದನ್ನೇ ಇಲ್ಲಿ ಮಾಡೋಣ. ಬಾಗಿದ ಕತ್ತಿನದು ಕೆಡಲಿಲ್ಲ ಎಂದು ತೋರಿಸಿ ನಿಲ್ಲಿಸಿದರೆ ಅರ್ಧ ಪ್ರಯೋಗ ಮಾತ್ರ ಆಗುತ್ತದೆ. ಹದಿನೈದನೇ ದಿನದ ಕೆಲಸ ಬಿಡಬೇಡಿ.

ಬೇಕಾದದ್ದು: 250 ಮಿ.ಲೀ. ಕೋನಿಕಲ್ ಫ್ಲಾಸ್ಕ್ ನಾಲ್ಕು, ಒಂದು ತೂತಿನ ರಬ್ಬರ್ ಕಾರ್ಕ್ ಮೂರು, 8 ಮಿ.ಮೀ. ದಪ್ಪದ ಮೆದು ಗಾಜಿನ ನಳಿಗೆ 40 ಸೆಂ.ಮೀ. ಉದ್ದದ್ದು ಮೂರು, ಹತ್ತಿ, ಅಲ್ಯೂಮಿನಿಯಂ ಫಾಯಿಲ್, ಪ್ರೆಶರ್ ಕುಕ್ಕರ್.

ನಳಿಗೆ ಬಾಗಿಸುವುದು ಬುನ್ಸೆನ್ ಬರ್ನರ್‌ನಲ್ಲಿ. ಸ್ಪಿರಿಟ್ ದೀಪದ ಕಾವು ಇಷ್ಟು ದಪ್ಪದ ಗಾಜಿಗೆ ಸಾಲದು. ಐದಾರು ಸೆಂ.ಮೀ. ಉದ್ದಕ್ಕೆ ಕಾವು ಹರಡುವಂತೆ ನಳಿಗೆಯನ್ನು ತಿರುಗಿಸುತ್ತಲೇ ಇರಿ. ತಾನೇ ಜೋಲತೊಡಗಿದಾಗ ಉರಿಯಿಂದ ಹೊರಗೆ ತೆಗೆದು ನಿಧಾನಕ್ಕೆ ಬಾಗಿಸಿ. ಒಂದೇ ಕಡೆ ಕಾಸಿದರೆ ಒಳಬದಿ ಮಡಚಿಕೊಂಡು ತೂತು ಮುಚ್ಚುತ್ತದೆ. ಕಾರ್ಕ್‌ನಿಂದ ಮೇಲೇರಿ, ಕೆಳಗಿಳಿದು, ಮತ್ತೆ ಮೇಲೇರುವ ಆಕಾರ ಬರಬೇಕು. ಬಾಯಿ ತೆರೆದೇ ಇರಲಿ. ಎರಡೂ ತುದಿಗಳನ್ನು ಉರಿಗೆ ಹಿಡಿದು ಅಂಚಿನ ಹರಿತ ಕಳೆಯಿರಿ. ಕಾರ್ಕ್‌ಗೆ ತೂರಿಸುವಾಗ ನಳಿಗೆಗೆ ಸೋಪಿನ ನೀರು ಸವರಿ, ಬಟ್ಟೆ ಸುತ್ತಿ, ಕಾರ್ಕ್‌ಗೆ ಹತ್ತಿರವಾಗಿ ಹಿಡಿದು ತಿರುಗಿಸುತ್ತಾ ಒತ್ತಿ. ದೂರದಲ್ಲಿ ಹಿಡಿದು ನೂಕಿದರೆ ನಳಿಗೆ ಮುರಿದು ಅಂಗೈಗೆ ನೆಟ್ಟುಕೊಳ್ಳುತ್ತದೆ.

ಪಾಶ್ಚರ್ ಬಳಸಿದ್ದು ಸಕ್ಕರೆ ಬೆರೆಸಿದ ಯೀಸ್ಟ್ ನೀರು. ನಮಗೂ ಅದೇ ಸಾಕು: 600 ಮಿ.ಲೀ. ನೀರಿಗೆ 10 ಗ್ರಾಂ ಒಣ ಯೀಸ್ಟ್ ಹಾಕಿ ಹತ್ತು ನಿಮಿಷ ಕುದಿಸಿ, ತಣಿಸಿ, ಬಟ್ಟೆಯಲ್ಲೂ ಆಮೇಲೆ ಫಿಲ್ಟರ್ ಪೇಪರ್‌ನಲ್ಲೂ ಸೋಸಿ, 25 ಗ್ರಾಂ ಸಕ್ಕರೆ ಕರಗಿಸಿ. ಹಿಂದೆ ಹಿಡಿದ ಅಕ್ಷರ ಓದಲು ಬರುವಷ್ಟು ತಿಳಿಯಾಗಿರಬೇಕು. ಮೊದಲೇ ಮಬ್ಬಾಗಿದ್ದರೆ ಕೆಟ್ಟದ್ದು ಗೊತ್ತಾಗುವುದಿಲ್ಲ.

ಪ್ರತಿ ಫ್ಲಾಸ್ಕ್‌ಗೆ 120 ಮಿ.ಲೀ. ಹಾಕಿ, ಕುದಿ ಒಮ್ಮೆಲೇ ಉಕ್ಕದಂತೆ ಎರಡು ಪಿಂಗಾಣಿ ಚೂರು ಬಿಡಿ, ಬಾಯಿಗೆ ಹತ್ತಿ ತುರುಕಿ ಮೇಲೆ ಫಾಯಿಲ್ ಮುಚ್ಚಿ. ಕುಕ್ಕರ್‌ನಲ್ಲಿ ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 20 ನಿಮಿಷ ಇಡಿ. ವೆಯ್ಟ್ ಎತ್ತಿ ಆವಿ ಬಿಡಬೇಡಿ, ಒತ್ತಡ ತಾನಾಗಿ ಇಳಿಯಲಿ. ಆತುರಪಟ್ಟರೆ ಸಾರು ಉಕ್ಕಿ ಹತ್ತಿ ನೆನೆಯುತ್ತದೆ.

ಬರೀ ಕುದಿಸಿದರೆ ಸಾಲದೇ? ಜೀವಿಗಳು ತಾವಾಗಿ ಹುಟ್ಟುತ್ತವೆ ಎನ್ನುತ್ತಿದ್ದ ಪಾಶ್ಚರ್‌ನ ಎದುರಾಳಿ ಪೂಶೆ ಬಳಸುತ್ತಿದ್ದುದು ಒಣಹುಲ್ಲಿನ ಕಷಾಯ. ಕುದಿಸಿ ಮುಚ್ಚಿಟ್ಟರೂ ಅದು ಕೆಡುತ್ತಿತ್ತು. ಅವನು ಕಂಡದ್ದು ಸುಳ್ಳಲ್ಲ. ಹುಲ್ಲಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದೊಳಗೆ ನಿದ್ರಿಸುವ ರೂಪ) ಕುದಿನೀರಿನಲ್ಲೂ ಸಾಯುವುದಿಲ್ಲ ಎಂದು ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ ತೋರಿಸಿದ್ದು 1876ರಲ್ಲಿ, ಜಗಳ ಮುಗಿದ ಎಷ್ಟೋ ವರ್ಷಗಳ ಮೇಲೆ. ಪಾಶ್ಚರ್ ಯೀಸ್ಟ್ ನೀರು ಹಿಡಿದದ್ದು ಅವನಿಗೆ ಒಲಿದ ಅದೃಷ್ಟವೂ ಹೌದು. ನಾವು ಅದೃಷ್ಟವನ್ನು ನಂಬದೆ ಕುಕ್ಕರ್ ಬಳಸುವುದು ಅದಕ್ಕೇ.

ಈಗ ಕಾರ್ಕ್ ಮತ್ತು ನಳಿಗೆಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಮೂರು ಫ್ಲಾಸ್ಕ್‌ಗಳಿಗೆ ಕೂರಿಸಿ. ನಾಲ್ಕನೆಯದರ ಹತ್ತಿ ತೆಗೆದು ಬಾಯಿ ತೆರೆದಿಡಿ. ನಾಲ್ಕನ್ನೂ ತಂತಿ ಜಾಲರಿಯ ಮೇಲೆ ಮತ್ತೆ ಹತ್ತು ನಿಮಿಷ ಸಣ್ಣಗೆ ಕುದಿಸಿ. ನಳಿಗೆಯ ತುದಿಯಿಂದ ಆವಿ ಒಂದೇ ಸಮನೆ ಬರಬೇಕು. ಉರಿ ಜೋರಾದರೆ ನೊರೆ ನಳಿಗೆಗೆ ಏರುತ್ತದೆ. ಬಾಗಿನಲ್ಲಿ ಉಳಿದ ಒಂದು ತೊಟ್ಟು ಸಿಹಿ ಸಾರು ಸಾಕು, ಬೂಷ್ಟು ಅಲ್ಲಿ ಬೇರೂರಿ ಒಳಗೆ ಇಳಿದುಬಿಡುತ್ತದೆ.

ಉರಿ ಆರಿಸಿದ ಕೂಡಲೇ ಹೊರಗಿನ ಗಾಳಿ ರಭಸದಿಂದ ಒಳನುಗ್ಗುತ್ತದೆ. ಆ ಗಾಳಿಗೆ ಎದುರಾಗುವುದು ಇನ್ನೂ ಕುದಿಯಷ್ಟೇ ಬಿಸಿಯಾದ ಸಾರು. ತಣಿದಂತೆ ಗಾಳಿಯ ವೇಗ ಇಳಿದು, ಧೂಳು ಒದ್ದೆ ಬಾಗಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಫ್ಯಾನ್ ಬೇಡ, ತಣ್ಣೀರಿಗಿಳಿಸುವುದೂ ಬೇಡ. ಬಿಸಿಲು ಬೀಳದ ಕಪಾಟಿನಲ್ಲಿಡಿ. ಬಿಸಿಲಿಗೆ ಕಾದು ತಣಿಯುತ್ತಿದ್ದರೆ ಫ್ಲಾಸ್ಕ್ ಉಸಿರಾಡುತ್ತಲೇ ಇರುತ್ತದೆ.

ತೆರೆದ ಫ್ಲಾಸ್ಕ್ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕದಡುತ್ತದೆ. ಉಳಿದ ಮೂರು ತಿಳಿಯಾಗಿರಬೇಕು. ಮೂರೂ ಕೆಟ್ಟರೆ ಕುಕ್ಕರ್ ಹಂತ ಸಾಲಲಿಲ್ಲ ಎಂದು ತಿಳಿಯಿರಿ. ಒಂದೇ ಕೆಟ್ಟರೆ ಅದರ ಕಾರ್ಕ್ ಸಂದಿ ನೋಡಿ.

ಹದಿನೈದನೇ ದಿನ ಒಂದನ್ನು ಮುಟ್ಟಬೇಡಿ. ಎರಡನೆಯದರ ಕಾರ್ಕ್ ತೆಗೆದುಬಿಡಿ. ಮೂರನೆಯದನ್ನು ಸಾರು ನಳಿಗೆಯ ಒಳಬಾಯಿ ಮುಚ್ಚುವಷ್ಟು ಓರೆ ಮಾಡಿ, ಎರಡೂ ಅಂಗೈಗಳಿಂದ ಬಳಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಸಾರನ್ನು ಬಾಗಿನವರೆಗೆ ತಳ್ಳುತ್ತದೆ. ಅಲ್ಲಿಗೆ ಮುಟ್ಟಿದ್ದು ಕಂಡ ಮೇಲೆ ಕೈ ತೆಗೆದು ಓರೆಯಲ್ಲೇ ಬಿಟ್ಟರೆ ಸಾರು ಹಿಂದಕ್ಕೆ ಸರಿಯುತ್ತದೆ, ಧೂಳನ್ನೂ ತೊಳೆದು ತರುತ್ತದೆ. ಕೆಲವೇ ದಿನಗಳಲ್ಲಿ ಎರಡನೆಯದೂ ಮೂರನೆಯದೂ ಕದಡುತ್ತವೆ. ಕುದಿಸಿದ್ದರಿಂದ ಸಾರಿನ ಸತ್ವವೇ ಸತ್ತಿತ್ತು ಎಂಬ ಆಕ್ಷೇಪಕ್ಕೆ ಎರಡನೆಯದು ಉತ್ತರ. ಗಾಳಿ ಸಿಗಲಿಲ್ಲ ಎಂಬುದಕ್ಕೆ ಮುಟ್ಟದೆ ಬಿಟ್ಟದ್ದು ಉತ್ತರ. ಬೇಕಾದದ್ದು ಗಾಳಿಯಲ್ಲ, ಗಾಳಿಯ ಧೂಳು ಎಂದು ಹೇಳುವುದು ಮೂರನೆಯದು.

ಇಷ್ಟರಿಂದ ರೋಗದ ಕಾರಣ ಸಾಬೀತಾಗುವುದಿಲ್ಲ, ಮಕ್ಕಳಿಗೆ ಹಾಗೆ ಹೇಳಲೂಬಾರದು. ಪಾಶ್ಚರ್ ಬರಹ ಓದಿದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1865ರಲ್ಲಿ ಗ್ಲಾಸ್ಗೋದಲ್ಲಿ ಮೂಳೆ ಮುರಿದು ಚರ್ಮ ಹರಿದ ಗಾಯಕ್ಕೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲ ಹಚ್ಚಿ ಕೀವು ತಡೆದ. ನಿರ್ದಿಷ್ಟ ರೋಗಕ್ಕೆ ನಿರ್ದಿಷ್ಟ ಜೀವಿ ಎಂಬ ಗಂಟು ಹಾಕಿದ್ದು 1876ರಲ್ಲಿ ಜರ್ಮನ್ ವೈದ್ಯ ರಾಬರ್ಟ್ ಕಾಖ್. ಅವನು ಆಂಥ್ರಾಕ್ಸ್ ಬ್ಯಾಸಿಲಸ್ಸನ್ನು ದನದ ಕಣ್ಣಿನೊಳಗಿನ ನೀರಿನಲ್ಲಿ ಬೆಳೆಸಿ, ಇಲಿಗಳಿಗೆ ಚುಚ್ಚಿ ರೋಗ ಬರಿಸಿದ.

ಕೆಟ್ಟ ಫ್ಲಾಸ್ಕ್ ಮೂಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಏನು ಬೆಳೆದಿದೆಯೋ ಗೊತ್ತಿರುವುದಿಲ್ಲ. ಬಾಯಿಗೆ ಹತ್ತಿ ಇಟ್ಟು ಕುಕ್ಕರ್‌ನಲ್ಲಿ 30 ನಿಮಿಷ ಬೇಯಿಸಿ, ಆಮೇಲೆ ಸಿಂಕ್‌ಗೆ ಸುರಿಯಿರಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು.