ಬ್ರಾಂಡೆಡ್ ಸಿಸ್ಟಮ್‌ಗೆ ಬೇರೆ ಕೂಲರ್: ಕೊಳ್ಳುವ ಮೊದಲು ಸ್ಕೇಲು ಹಿಡಿಯಿರಿ

ತಂಗಿ ಮೊದಲು ದೂರಿದ್ದು ಅವಳ ಕಂಪ್ಯೂಟರಿನ ಸದ್ದಿನ ಬಗ್ಗೆ. "ಅಣ್ಣಾ, ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ ಸಾಕು, ಮಿಕ್ಸಿ ತಿರುಗಿಸಿದ ಹಾಗೆ ಕೂಗತ್ತೆ." ಹೋಗಿ ನೋಡಿದೆ. ಇಂಟೆಲ್ ಐ7-12700 ಪ್ರೊಸೆಸರ್ ಇರುವ ಬ್ರಾಂಡೆಡ್ ಸಿಸ್ಟಮ್, ಅಂದರೆ ಕಂಪನಿಯೇ ಪೂರ್ತಿ ಜೋಡಿಸಿ ಮಾರುವ ಕಂಪ್ಯೂಟರ್. ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ತೆರೆದಿಟ್ಟು ಎಕ್ಸ್‌ಪೋರ್ಟ್ ಶುರು ಮಾಡಿದರೆ ನಿಮಿಷದೊಳಗೆ 100 ಡಿಗ್ರಿ. ಆ ಪ್ರೊಸೆಸರಿನ ಗರಿಷ್ಠ ಮಿತಿಯೇ ಅದು. ಅಲ್ಲಿಗೆ ಮುಟ್ಟಿದ ಕೂಡಲೇ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಮುಚ್ಚಳ ತೆಗೆದರೆ, ಪ್ರೊಸೆಸರಿನ ಬಿಸಿ ಹೀರಿ ಹೊರಹಾಕಬೇಕಾದ ಕೂಲರ್ ನನ್ನ ಅಂಗೈಯಷ್ಟೂ ಇರಲಿಲ್ಲ.

"ಬೇರೆ ಹಾಕೋಣ ಬಿಡು, ಹತ್ತು ನಿಮಿಷದ ಕೆಲಸ" ಅಂದೆ. ಮೂರು ವಾರ ಹಿಡಿಯಿತು.

ಬಿಡಿಭಾಗ ತಂದು ಅಸೆಂಬಲ್ ಮಾಡಿದ ಸಿಸ್ಟಮ್ ಆಗಿದ್ದರೆ ಹತ್ತು ನಿಮಿಷ ಅಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅಲ್ಲಿ ಪ್ರೊಸೆಸರಿನ ಸಾಕೆಟ್ (ಅದು ಕೂರುವ ಗೂಡು) ಯಾವುದೆಂದು ಗೊತ್ತಾದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆ. ಬ್ರಾಂಡೆಡ್ ಸಿಸ್ಟಮ್‌ನಲ್ಲಿ ಹಾಗಲ್ಲ. ಸಾಕೆಟ್ ಎಲ್ಲರದ್ದೇ ಆದರೂ ಮದರ್‌ಬೋರ್ಡು, ಕ್ಯಾಬಿನೆಟ್, ಫ್ಯಾನಿನ ಪಿನ್ನು ಆ ಕಂಪನಿಯ ಸ್ವಂತದ್ದಾಗಿರಬಹುದು.

ಕೊಳ್ಳಲು ಹೊರಡುವ ಮುಂಚೆ ಇರುವ ಕೂಲರಿನ ಧೂಳು ಊದಿ, ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಿಸುವ ಪೇಸ್ಟ್ ಒಣಗಿದ್ದರೆ ಒರೆಸಿ, ಹೊಸದು ಹಚ್ಚಿ ನೋಡಿ. ಎಷ್ಟೋ ಕೇಸು ಅಲ್ಲಿಗೇ ಮುಗಿಯುತ್ತದೆ. ನಮ್ಮದು ಮುಗಿಯಲಿಲ್ಲ, 100 ಮುಟ್ಟಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ. ಅದೇ ತಂತ್ರಾಂಶದಲ್ಲಿ ವ್ಯಾಟ್ ಎಷ್ಟೆಂಬುದನ್ನೂ ಗಮನಿಸಿ. ಐ7-12700ಕ್ಕೆ ಇಂಟೆಲ್ ಕೊಟ್ಟಿರುವ ಮೂಲ ಲೆಕ್ಕ 65 ವ್ಯಾಟ್, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 180ರವರೆಗೆ. ಕೆಲವು ಬ್ರಾಂಡೆಡ್ ಬೋರ್ಡುಗಳು ಸ್ವಲ್ಪ ಹೊತ್ತು ಟರ್ಬೊ ಬಿಟ್ಟು ಆಮೇಲೆ 65ಕ್ಕೆ ಇಳಿಸಿ ಬೀಗ ಹಾಕುತ್ತವೆ. ನಿಮ್ಮದು ಹಾಗೆ ಇಳಿದು, ಬಿಸಿಯೂ ಇಳಿಯುವುದಾದರೆ ದೊಡ್ಡ ಕೂಲರಿನಿಂದ ಸದ್ದು ಕಮ್ಮಿಯಾದೀತು, ವೇಗ ಅಷ್ಟೇನೂ ಹೆಚ್ಚದು. ನಮ್ಮದರಲ್ಲಿ ಬೋರ್ಡು ಅಷ್ಟು ವ್ಯಾಟ್ ಕೊಡಲು ಸಿದ್ಧವಿತ್ತು, ಕೂಲರಿಗೆ ತಾಳಲು ಆಗುತ್ತಿರಲಿಲ್ಲ.

ಈಗ ಸ್ಕ್ರೂ ತೂತುಗಳ ಅಂತರ. ನನ್ನ ಮೊದಲ ಎಡವಟ್ಟು ಇಲ್ಲೇ. ಮನೆಯಲ್ಲಿ 1200 ಸಾಕೆಟ್ಟಿನ ಒಳ್ಳೆಯ ಕೂಲರೊಂದು ಬಿದ್ದಿತ್ತು, ಇಂಟೆಲ್ ಅಂದಮೇಲೆ ಇಂಟೆಲ್ಲೇ ತಾನೆ ಅಂತ ತಗೊಂಡು ಹೋದೆ. ತಂಗಿಯದು 1700 ಸಾಕೆಟ್, ಮೂರು ಮಿಲಿಮೀಟರ್ ಕಮ್ಮಿ ಬಿತ್ತು. 1150, 1151, 1155, 1156, 1200 ಇವೆಲ್ಲಕ್ಕೂ ತೂತುಗಳು 75 ಮಿ.ಮೀ. ಚೌಕದಲ್ಲಿರುತ್ತವೆ, 1700 ಮತ್ತು 1851ಕ್ಕೆ 78, ಹಳೆಯ 775ಕ್ಕೆ 72. ಎಎಂಡಿ ಕಂಪನಿಯ ಸಾಕೆಟ್‌ಗಳಲ್ಲಿ ಅದು ಚೌಕವೇ ಅಲ್ಲ: ಎಎಂ4, ಎಎಂ5 ಎರಡಕ್ಕೂ 90ಕ್ಕೆ 54, ಅದಕ್ಕೂ ಹಿಂದಿನ ಎಎಂ3ಕ್ಕೆ 96ಕ್ಕೆ 48. ಅಳೆಯುವಾಗ ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿಗೆ ಹಿಡಿಯಿರಿ, ನಡುಮಧ್ಯ ಊಹಿಸುವ ಕಷ್ಟ ತಪ್ಪುತ್ತದೆ. ಕೂಲರ್ ಬಿಚ್ಚದಿದ್ದರೂ ಸ್ಕ್ರೂ ತಲೆಗಳ ಮೇಲೆ ಹೀಗೇ ಅಳೆಯಬಹುದು. ಅನುಮಾನ ಬಂದರೆ ಮೂಲೆಯಿಂದ ಮೂಲೆಗೆ ಅಳೆಯಿರಿ: 75ರ ಚೌಕಕ್ಕೆ ಸುಮಾರು 106, 78ರದ್ದಕ್ಕೆ 110.

ಅಂತರ ಸರಿ ಇದ್ದರೂ ಕುಣಿಯಬೇಡಿ. ಆ ಸ್ಕ್ರೂಗಳು ಹೋಗಿ ಕಚ್ಚಿಕೊಳ್ಳುವುದು ಎಲ್ಲಿ? ಅಂಗಡಿಯಲ್ಲಿ ಸಿಗುವ ಕೂಲರ್‌ಗಳಲ್ಲಿ ಬಹುಪಾಲು ಬೋರ್ಡಿನ ಹಿಂದೆ ತಮ್ಮದೇ ಬ್ಯಾಕ್‌ಪ್ಲೇಟ್ ಕೂರಿಸುತ್ತವೆ, ಇಲ್ಲವೇ ತೂತಿನಲ್ಲಿ ಪ್ಲಾಸ್ಟಿಕ್ ಪಿನ್ ತಳ್ಳಿ ಕೂರುತ್ತವೆ. ಬ್ರಾಂಡೆಡ್ ಬೋರ್ಡುಗಳಲ್ಲಿ ಬ್ಯಾಕ್‌ಪ್ಲೇಟ್ ಅಂಟಿಸಿಯೇ ಬಂದಿರಬಹುದು, ಅದರ ತೂತಿನೊಳಗಿನ ಮರೆಯ (ಥ್ರೆಡ್) ಅಳತೆ ನಿಮ್ಮ ಹೊಸ ಸ್ಕ್ರೂಗೆ ಒಗ್ಗದಿರಬಹುದು. ಇನ್ನು ಕೆಲವದರಲ್ಲಿ ಸ್ಕ್ರೂ ಬೋರ್ಡನ್ನು ದಾಟಿ ಕ್ಯಾಬಿನೆಟ್ಟಿನ ತಗಡಿಗೇ ಬಿಗಿಯುತ್ತದೆ. ನಾನು ದುಡ್ಡು ಕೊಟ್ಟು ತಂದ ಎರಡನೇ ಕೂಲರ್ 78ರದ್ದೇ ಆಗಿತ್ತು. ಬೋರ್ಡು ಕಳಚಿ ತಿರುಗಿಸಿದರೆ ಹಿಂದೆ ಗಟ್ಟಿಯಾಗಿ ಅಂಟಿದ ಪ್ಲೇಟು. ಹೇರ್ ಡ್ರೈಯರ್ ಹಿಡಿದು ಎಬ್ಬಿಸಬಹುದು ಅನ್ನುವವರಿದ್ದಾರೆ. ತಂಗಿಯ ಹೊಟ್ಟೆಪಾಡಿನ ಯಂತ್ರದ ಮೇಲೆ ನನಗೆ ಆ ಧೈರ್ಯ ಬರಲಿಲ್ಲ. ಪಕ್ಕದ ಮುಚ್ಚಳ ಎರಡೂ ತೆಗೆದು ಟಾರ್ಚ್ ಹಾಕಿ ನೋಡಿ. ಸಾಕೆಟ್ಟಿನ ಹಿಂಬದಿಗೆ ಕ್ಯಾಬಿನೆಟ್ಟಿನಲ್ಲಿ ಕಿಂಡಿ ಇದ್ದರೆ ಬೋರ್ಡು ಬಿಚ್ಚದೆಯೇ ವಿಷಯ ತಿಳಿಯುತ್ತದೆ.

ಎತ್ತರ ಅಳೆಯುವುದು ಸುಲಭ. ಕ್ಯಾಬಿನೆಟ್ ಮಲಗಿಸಿ, ಹಳೆಯ ಕೂಲರ್ ತೆಗೆದು, ತೆರೆದ ಬದಿಯ ಅಂಚಿಗೆ ಅಡ್ಡಲಾಗಿ ಒಂದು ಉದ್ದ ಸ್ಕೇಲು ಇಟ್ಟು, ಅಲ್ಲಿಂದ ಪ್ರೊಸೆಸರಿನ ಲೋಹದ ಬೆನ್ನಿನವರೆಗೆ ಅಳೆಯಿರಿ. ಮುಚ್ಚಳದ ಒಳಮೈಯಲ್ಲಿ ಉಬ್ಬು, ಗಾಳಿ ಕೊಳವೆ ಇದ್ದರೆ ಅದನ್ನೂ ಕಳೆಯಿರಿ. ಗೋಪುರದಂಥ ಕೂಲರ್‌ಗಳು 150-160 ಮಿ.ಮೀ. ನಿಲ್ಲುತ್ತವೆ, ತೆಳ್ಳನೆಯ ಕ್ಯಾಬಿನೆಟ್ಟಿಗೆ ಅವು ಕನಸಿನ ಮಾತು. ನೋಕ್ಟುವಾ ಕಂಪನಿಯ ಎನ್‌ಎಚ್-ಎಲ್9ಐ ಥರದ್ದು ಫ್ಯಾನ್ ಸೇರಿ 37 ಮಿ.ಮೀ. ಮಾತ್ರ, ಆದರೆ ಅದು ಬಿಸಿ ಪ್ರೊಸೆಸರ್‌ಗಳಿಗೆ ಮಾಡಿದ್ದಲ್ಲ. ರ‍್ಯಾಮ್ ಪಟ್ಟಿ, ಪವರ್ ಸಪ್ಲೈ ಎಲ್ಲಿ ಅಡ್ಡ ಬರುತ್ತವೆ ನೋಡಿ. ಲಿಕ್ವಿಡ್ ಕೂಲರ್ ವಿಚಾರ ನನ್ನನ್ನು ಕೇಳಿದರೆ, ರೇಡಿಯೇಟರ್ ತೂಗುಹಾಕಲು ಜಾಗವಿಲ್ಲದ ಡಬ್ಬಿಯಲ್ಲಿ ಆ ಮಾತೇ ಬೇಡ.

ಇನ್ನು ಫ್ಯಾನಿನ ವೈರು. ಎಲ್ಲೆಡೆ ಸಿಗುವುದು ನಾಲ್ಕು ಪಿನ್ನಿನದು: ಗ್ರೌಂಡ್, 12 ವೋಲ್ಟ್, ವೇಗ ಎಷ್ಟೆಂದು ತಿಳಿಸುವ ವೈರು, ವೇಗ ಏರಿಳಿಸುವ ವೈರು. ಕೆಲವು ಕಂಪನಿಗಳ ಬೋರ್ಡಿನಲ್ಲಿ ಐದೋ ಆರೋ ಪಿನ್ ಇರುತ್ತದೆ, ಆಕಾರವೂ ಬೇರೆ. ಹೆಚ್ಚುವರಿ ಪಿನ್ನಿನಿಂದ ಬೋರ್ಡು ತನಗೆ ಯಾವ ಕೂಲರ್ ಕೂತಿದೆ ಎಂದು ಗುರುತು ಹಿಡಿಯುವುದೂ ಉಂಟು. ಗುರುತು ಸಿಗದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಫ್ಯಾನ್ ಕೆಟ್ಟಿದೆ, ಎಫ್1 ಒತ್ತಿ ಎಂದು ನಿಂತುಬಿಡುತ್ತದೆ. ಅಡಾಪ್ಟರ್ ವೈರುಗಳು ಸಿಗುತ್ತವೆ. ನಿಮ್ಮ ಬೋರ್ಡಿನ ಮಾದರಿಗೇ ಮಾಡಿದ್ದು ಎಂದು ಬರೆದಿದ್ದರೆ ಮಾತ್ರ ತನ್ನಿ. ಬಣ್ಣ ನೋಡಿ ವೈರು ಕತ್ತರಿಸಿ ಜೋಡಿಸಬೇಡಿ; ಬಣ್ಣ ಎಲ್ಲ ಕಡೆ ಒಂದೇ ಇರುವುದಿಲ್ಲ, 12 ವೋಲ್ಟ್ ತಪ್ಪು ಪಿನ್ನಿಗೆ ಹೋದರೆ ಬೋರ್ಡೇ ಹೋದೀತು.

ಇಷ್ಟೆಲ್ಲ ಸುತ್ತಿ ನಾನು ಕೊನೆಗೆ ತರಿಸಿದ್ದು, ಮೊದಲ ದಿನವೇ ಹುಡುಕಬೇಕಾಗಿದ್ದ ವಸ್ತು: ಅದೇ ಕಂಪನಿ ಅದೇ ಕ್ಯಾಬಿನೆಟ್ಟಿನಲ್ಲಿ ಹೆಚ್ಚು ಬಿಸಿಯಾಗುವ ಪ್ರೊಸೆಸರ್ ಮಾರುವಾಗ ಹಾಕುವ ದೊಡ್ಡ ಕೂಲರ್. ಒಂದೇ ಮಾದರಿ ಹೆಸರಿನಲ್ಲಿ 65 ವ್ಯಾಟಿನದ್ದಕ್ಕೊಂದು, 125 ವ್ಯಾಟಿನದ್ದಕ್ಕೊಂದು ಕೂಲರ್ ಇರುವುದು ಸಾಮಾನ್ಯ. ತೂತು, ಪಿನ್ನು, ಎತ್ತರ ಎಲ್ಲ ಹೊಂದುತ್ತದೆ. ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಬಿಡಿಭಾಗದ ಸಂಖ್ಯೆ ಸಿಕ್ಕರೆ ಅದನ್ನು ಹಿಡಿದು ಹುಡುಕಿ. ನೋಡಲು ಅಂದವಿಲ್ಲ, ಬಣ್ಣದ ದೀಪವಿಲ್ಲ, ಚಿಂತೆಯೂ ಇಲ್ಲ.

ಕೂರಿಸುವುದು ನಿಮಗೆ ಗೊತ್ತಿರುತ್ತದೆ. ಎರಡೇ ಮಾತು. ಎಎಂ4 ಆದರೆ ಹಳೆಯ ಕೂಲರ್ ಎತ್ತುವ ಮುಂಚೆ ಸಿಸ್ಟಮ್ ಸ್ವಲ್ಪ ಓಡಿಸಿ ಬೆಚ್ಚಗಾಗಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಬಲ ತಿರುಚುತ್ತಾ ಬಿಡಿಸಿ. ನೇರ ಎಳೆದರೆ ಪ್ರೊಸೆಸರೂ ಅಂಟಿಕೊಂಡು ಕಿತ್ತು ಬಂದು ಪಿನ್ನು ಬಾಗಿಸಿಕೊಳ್ಳಬಹುದು. ಸ್ಕ್ರೂಗಳನ್ನು ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಈಗ ಎಕ್ಸ್‌ಪೋರ್ಟ್ ಮಾಡುವಾಗ 84ರ ಆಸುಪಾಸು. ಹಳೆಯ ಕೂಲರನ್ನು ಸ್ಕ್ರೂ ಸಮೇತ ಕವರಿಗೆ ಹಾಕಿ ತಂಗಿಗೇ ಕೊಟ್ಟಿದ್ದೇನೆ, ವಾರಂಟಿಗೆ ಕಳಿಸುವ ದಿನ ಅದೇ ಮತ್ತೆ ಕೂರಬೇಕು. ನಾನು ತಂದ ಆ ಎರಡನೇ ಕೂಲರ್ ಇನ್ನೂ ನನ್ನ ಕಪಾಟಿನಲ್ಲಿದೆ. 78 ಮಿ.ಮೀ.; ಯಾರಿಗಾದರೂ ಅಸೆಂಬಲ್ಡ್ ಸಿಸ್ಟಮ್ ಇದ್ದರೆ ಹೇಳಿ.