ನಾದದೆ, ಹುದುಗು ಬರಿಸದೆ ಐರಿಶ್ ಸೋಡಾ ಬ್ರೆಡ್

ಐರಿಶ್ ಸೋಡಾ ಬ್ರೆಡ್‌ಗೆ ಬೇಕಾದ ಸಾಮಾನು ನಾಲ್ಕೇ: ಹಿಟ್ಟು, ಅಡಿಗೆ ಸೋಡಾ, ಉಪ್ಪು, ಮಜ್ಜಿಗೆ. ಯೀಸ್ಟ್ ಇಲ್ಲ, ಮೊಟ್ಟೆ ಇಲ್ಲ, ಸಕ್ಕರೆಯೂ ಇಲ್ಲ. ಒಣದ್ರಾಕ್ಷಿ ಸೇರಿಸಿ ಸಿಹಿ ಮಾಡಿದ್ದಕ್ಕೆ ಐರ್ಲೆಂಡಿನಲ್ಲಿ ‘ಸ್ಪಾಟೆಡ್ ಡಾಗ್’ ಎನ್ನುತ್ತಾರೆ. ಅದೂ ರುಚಿಯೇ, ಆದರೆ ಮೊದಲು ಸಾದಾ ಬ್ರೆಡ್ ಕೈಗೆ ಹತ್ತಲಿ.

ಒಂದು ಬ್ರೆಡ್‌ಗೆ 450 ಗ್ರಾಂ ಮೈದಾ, ಮಟ್ಟಸವಾಗಿ 1 ಟೀ ಚಮಚ ಅಡಿಗೆ ಸೋಡಾ, 1 ಟೀ ಚಮಚ ಉಪ್ಪು, 350ರಿಂದ 400 ಮಿ.ಲೀ. ಗಟ್ಟಿ ಹುಳಿ ಮಜ್ಜಿಗೆ. ಕಂದು ಬ್ರೆಡ್ ಬೇಕಿದ್ದರೆ ಅರ್ಧ ಮೈದಾ, ಅರ್ಧ ತೌಡು ಸಮೇತ ಬೀಸಿದ ಗೋಧಿ ಹಿಟ್ಟು. ತೌಡು ಹೆಚ್ಚು ನೀರು ಹೀರುವುದರಿಂದ ಮಜ್ಜಿಗೆಯನ್ನೂ ತುಸು ಹೆಚ್ಚಿಸಿ.

‘ಬ್ರೆಡ್ ಫ್ಲೋರ್’ ಎಂದು ಮಾರುವ, ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಹೆಚ್ಚಿರುವ ಹಿಟ್ಟು ಇಲ್ಲಿ ಬೇಡ. ಐರ್ಲೆಂಡಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಮೃದು ಗೋಧಿಯಲ್ಲಿ ಗ್ಲುಟೆನ್ ಕಡಿಮೆ. ಯೀಸ್ಟ್ ಬ್ರೆಡ್‌ಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಸೋಡಾಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. 19ನೇ ಶತಮಾನದಲ್ಲಿ ಅಡಿಗೆ ಸೋಡಾ ಅಲ್ಲಿಗೆ ಬಂದ ಮೇಲೆ ಈ ಬ್ರೆಡ್ ಮನೆಮನೆಯದಾಯಿತು. ಓವನ್ ಇಲ್ಲದ ಮನೆಗಳಲ್ಲಿ ‘ಬಾಸ್ಟಿಬಲ್’ ಎಂಬ ಎರಕದ ಕಬ್ಬಿಣದ ಪಾತ್ರೆಯನ್ನು ಬೆಂಕಿಗೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಬೇಯಿಸುತ್ತಿದ್ದರು.

ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡಲು ಶುರು. ಬ್ರೆಡ್ ಉಬ್ಬುವುದು ಆ ಗುಳ್ಳೆಗಳಿಂದಲೇ. ಹಿಟ್ಟು ಕಲಸಿಟ್ಟು ಆಮೇಲೆ ಓವನ್ ಹಚ್ಚಿದರೆ ಗುಳ್ಳೆಗಳು ತಟ್ಟೆಯ ಮೇಲೇ ಮುಗಿದುಹೋಗಿರುತ್ತವೆ. ಆದ್ದರಿಂದ ಓವನ್ ಮೊದಲು, 230 ಡಿಗ್ರಿ ಸೆಲ್ಸಿಯಸ್‌ಗೆ. ಫ್ಯಾನ್ ಇರುವ ಓವನ್ ಆದರೆ 210 ಸಾಕು.

ಹಿಟ್ಟು, ಸೋಡಾ, ಉಪ್ಪನ್ನು ಅಗಲ ಬೋಗುಣಿಗೆ ಜರಡಿ ಹಿಡಿಯಿರಿ. ಸೋಡಾದ ಸಣ್ಣ ಗಂಟು ಉಳಿದರೂ ಬೆಂದ ಮೇಲೆ ಹಳದಿ ಚುಕ್ಕೆಯಾಗಿ ಕಾಣುತ್ತದೆ, ಬಾಯಿಗೆ ಸಿಕ್ಕರೆ ಸೋಪಿನ ರುಚಿ. ನಡುವೆ ಗುಳಿ ಮಾಡಿ 350 ಮಿ.ಲೀ. ಮಜ್ಜಿಗೆಯನ್ನು ಒಂದೇ ಸಲ ಸುರಿಯಿರಿ. ಒಂದು ಕೈಯ ಬೆರಳುಗಳನ್ನು ಅಗಲಿಸಿ, ಬಿರುಸಾಗಿಟ್ಟುಕೊಂಡು ನಡುವಿನಿಂದ ಅಂಚಿನ ಕಡೆಗೆ ಸುತ್ತು ತಿರುಗಿಸಿ. ಒಣ ಹಿಟ್ಟು ಉಳಿದರೆ ಮಾತ್ರ ಮಿಕ್ಕ ಮಜ್ಜಿಗೆ. ಮುದ್ದೆ ಮೆತ್ತಗಿದ್ದು ಕೈಗೆ ತುಸು ಅಂಟಬೇಕು. ಚಪಾತಿ ಹಿಟ್ಟಿನ ಹದಕ್ಕೆ ತಂದಿರೋ, ಬ್ರೆಡ್ ಒಣಗಿ ಪುಡಿಯಾಗುತ್ತದೆ.

ಇನ್ನು ನಾದಬೇಡಿ. ಹಿಟ್ಟು ಉದುರಿಸಿದ ಹಲಗೆಯ ಮೇಲೆ ಹಾಕಿ, ಅಂಚನ್ನು ಒಳಕ್ಕೆ ಮಡಚಿ, ತಿರುವಿ ಹಾಕಿ, ನಾಲ್ಕು ಸೆಂ.ಮೀ. ದಪ್ಪದ ಬಿಲ್ಲೆ ತಟ್ಟಿ. ತಟ್ಟೆಗಿಟ್ಟು ಅಂಚಿನಿಂದ ಅಂಚಿಗೆ ಶಿಲುಬೆಯಾಕಾರದಲ್ಲಿ ಆಳವಾಗಿ ಗೀರಿ. ಕಿನ್ನರಿಯರು ಹೊರಗೆ ಹೋಗಲೆಂದು ಗೀರುತ್ತಾರೆ ಎಂಬುದು ಐರಿಶ್ ಜನರ ಮಾತು. ಅವರು ಹೋಗಲಿ ಬಿಡಲಿ, ದಪ್ಪ ನಡುಭಾಗಕ್ಕೆ ಶಾಖ ತಲುಪಲು ಆ ಗೀರು ಬೇಕೇ ಬೇಕು.

230ರಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ ಇನ್ನೂ 25–30 ನಿಮಿಷ. ಫ್ಯಾನ್ ಓವನ್‌ನಲ್ಲಿ ಇಲ್ಲೂ 20 ಡಿಗ್ರಿ ಕಡಿಮೆ. ಮೇಲೆ ಕೆಂಪಗಾಯಿತೆಂದು ತೆಗೆದುಬಿಡಬೇಡಿ. ಬ್ರೆಡ್ ತಿರುಗಿಸಿ ತಳವನ್ನು ಬೆರಳಿನಿಂದ ಬಡಿಯಿರಿ: ಟೊಳ್ಳು ಸದ್ದು ಬಂದರೆ ಬೆಂದಿದೆ. ಮಂಕು ಸದ್ದಾದರೆ ತಲೆಕೆಳಗಾಗಿಯೇ ಇನ್ನೈದು ನಿಮಿಷ ಇಡಿ. ತೆಗೆದ ಮೇಲೆ ಜಾಲರಿಯ ಮೇಲೆ ಆರಿಸಿ. ಹೊರಪದರ ಮೆತ್ತಗಿರಲಿ ಎನ್ನುವವರು ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿಡಿ. ಬಿಸಿ ಬ್ರೆಡ್ ಕತ್ತರಿಸಿದರೆ ಒಳಗೆಲ್ಲ ಅಂಟಂಟು.

ಬ್ರೆಡ್ ಕೆಟ್ಟರೆ ಕಾರಣ ಹುಡುಕುವುದು ಕಷ್ಟವಲ್ಲ. ಒಳಗೆಲ್ಲ ಹಳದಿ ಛಾಯೆ, ಕಹಿ ಇದ್ದರೆ ಸೋಡಾ ಹೆಚ್ಚಾಗಿದೆ, ಇಲ್ಲವೇ ಮಜ್ಜಿಗೆಗೆ ಹುಳಿ ಸಾಲದು. ನೀರು ಬೆರೆಸಿದ ಮಜ್ಜಿಗೆಯಲ್ಲಿ ಹೀಗಾಗುವುದು ಹೆಚ್ಚು. ಅದರ ಬದಲು 250 ಮಿ.ಲೀ. ಹುಳಿ ಮೊಸರಿಗೆ 120 ಮಿ.ಲೀ. ಹಾಲು ಬೆರೆಸಿ ಬಳಸಿ. ಜಗಿದಷ್ಟೂ ಮುಗಿಯದ ರಬ್ಬರಿನಂತಾಗಿದ್ದರೆ ನಾದಿದ್ದೀರಿ. ಉಬ್ಬದೆ ಕಲ್ಲಾಗಿದ್ದರೆ ತಡ ಮಾಡಿದ್ದೀರಿ, ಅಥವಾ ಸೋಡಾ ಹಳತು. ಒಂದು ಚಿಟಿಕೆ ಸೋಡಾದ ಮೇಲೆ ನಿಂಬೆರಸ ಹಿಂಡಿ, ಬುಸ್ಸೆಂದು ನೊರೆ ಏಳದಿದ್ದರೆ ಡಬ್ಬಿ ಎಸೆಯಿರಿ.

ಓವನ್ ಇಲ್ಲದವರು ಉತ್ತರದ ಅಲ್ಸ್ಟರ್ ಪ್ರಾಂತ್ಯದ ದಾರಿ ಹಿಡಿಯಬಹುದು. ಇದೇ ಮುದ್ದೆಯನ್ನು ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ, ನಾಲ್ಕು ಭಾಗ ಮಾಡಿ, ದಪ್ಪ ತಳದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ 8ರಿಂದ 10 ನಿಮಿಷ ಬೇಯಿಸುತ್ತಾರೆ. ಕೊನೆಗೆ ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಅಂಚುಗಳನ್ನೂ ಕಾಯಿಸುತ್ತಾರೆ. ಇವೇ ‘ಸೋಡಾ ಫಾರ್ಲ್’.

ಎರಡೂ ಮಾಡಿದ ದಿನವೇ ಚೆನ್ನ. ಮರುದಿನಕ್ಕೆ ಉಳಿದದ್ದನ್ನು ಟೋಸ್ಟ್ ಮಾಡಿ ಬೆಣ್ಣೆ ಧಾರಾಳವಾಗಿ ಸವರಿ.