ಮಲೆನಾಡಿನಲ್ಲಿ ಸ್ಪೋರ್ಟ್ಸ್ ಕಾರು ಸಾಕುವುದು ಹೇಗೆ

ಶಿವಮೊಗ್ಗದ ಕಡೆ ಯಾರಾದರೂ ಪೋರ್ಷೆಯನ್ನೋ ಮಸ್ಟ್ಯಾಂಗನ್ನೋ ತಂದು ನಿಲ್ಲಿಸಿದರೆ ಜನ ಮೊದಲು ಕೇಳುವುದು ಬೆಲೆ. ಆಮೇಲೆ, "ನಮ್ಮ ಹಂಪುಗಳಿಗೆ ತಳ ಉಜ್ಜಲ್ವಾ?" ಉಜ್ಜುತ್ತದೆ. ಆದರೆ ತಳ ಉಜ್ಜಿದರೆ ಗೊತ್ತಾಗುತ್ತದೆ, ಸರಿ ಮಾಡಿಸಬಹುದು. ನಮ್ಮ ಸೀಮೆಯಲ್ಲಿ ಇಂಥ ಕಾರನ್ನು ನಿಜವಾಗಿ ತಿನ್ನುವುದು ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಸುಮ್ನೆ ನಿಂತ ಕಾರು, ದಿನಾ ಓಡಿದ ಕಾರಿಗಿಂತ ಜಾಸ್ತಿ ಹಾಳಾಗುತ್ತದೆ. ಹಾಗಾಗಿ ಓಡಿಸುವುದಕ್ಕಿಂತ ನಿಲ್ಲಿಸುವುದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಕೊಳ್ಳುವ ಮುಂಚೆ ಒಂದು ಟೇಪ್ ಹಿಡಿದು ಮನೆಯ ದಾರಿಯನ್ನು ಅಳೆಯಿರಿ. ಇಂಥ ಕಾರುಗಳ ತಳಕ್ಕೂ ನೆಲಕ್ಕೂ ಸಾಮಾನ್ಯವಾಗಿ 110ರಿಂದ 140 ಮಿಲಿಮೀಟರ್ ಅಂತರ ಇರುತ್ತದೆ. ರಸ್ತೆ ಹಂಪು 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅನ್ನುತ್ತದೆ ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅಂಥ ಹಂಪಿದ್ದರೆ ಹೆಚ್ಚಿನವು ನಿಧಾನಕ್ಕೆ ದಾಟುತ್ತವೆ. ಆದರೆ ಊರೊಳಗೆ ಮಿಕ್ಕಿದ ಡಾಂಬರು ಸುರಿದು ಮಾಡಿದ ಗುಡ್ಡೆಗಳಿಗೆ ಯಾವ ಅಳತೆಯೂ ಇಲ್ಲ. ಅಲ್ಲಿ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹಂಪಿಗಿಂತ ಕಷ್ಟದ ಜಾಗ ನಿಮ್ಮ ಗೇಟೇ. ರಸ್ತೆಯಿಂದ ದರೆ ಇಳಿದು ತೋಟದ ಮನೆಗೆ ಹೋಗುವ ದಾರಿಯಲ್ಲಿ ಮೋರಿ ಹತ್ತಿರ ಒಂದು ಗುಂಡಿ ಇದ್ದೇ ಇರುತ್ತದೆ. ಮೂತಿ ಮೊದಲು ಬಡಿಯುವುದು ಅಲ್ಲೇ. ಕಾಂಕ್ರೀಟ್ ಹಾಕಿ ಆ ಇಳಿಜಾರನ್ನು ಉದ್ದ ಮಾಡಿಸಿಬಿಡಿ, ಒಂದು ಬಂಪರ್‌ಗಿಂತ ಅಗ್ಗ. ಪೋರ್ಷೆ 911ರಂಥ ಕಾರಿಗೆ ಮುಂದಿನ ಆಕ್ಸಲ್ ಎತ್ತುವ ಲಿಫ್ಟ್ ಆಯ್ಕೆಯಾಗಿ ಸಿಗುತ್ತದೆ. ಮೂತಿಯನ್ನು ಸುಮಾರು 40 ಮಿ.ಮೀ. ಎತ್ತುತ್ತದೆ. ಹೊಸ ಮಾದರಿಗಳಲ್ಲಿ ನಿಮ್ಮ ಗೇಟಿನ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ತಾನೇ ಎತ್ತುವುದೂ ಉಂಟು. ಬೇರೆ ಯಾವ ಆಯ್ಕೆ ಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ.

ಮುಂಬೈ, ದೆಹಲಿಯ ಸೆಕೆಂಡ್ ಹ್ಯಾಂಡ್ ಕಾರು ಅಗ್ಗ ಅಂತ ಕಾಣುತ್ತದೆ. ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆಯಾಗುತ್ತದೆ, ನಿಜ, ಆದರೂ ಲೆಕ್ಕ ಹಾಕಿಯೇ ಅಡ್ವಾನ್ಸ್ ಕೊಡಿ.

ಇನ್ನು ಮಳೆಗಾಲದ ವಿಷಯ. ಆರಿದ್ರಾ ಮಳೆ ಹಿಡಿಯುವ ಮುಂಚೆ ತಯಾರಿ ಮುಗಿದಿರಬೇಕು.

ಜಾಗದಿಂದ ಶುರು ಮಾಡೋಣ. ಹಲಸಿನ ಮರದ ಕೆಳಗೆ ನಿಲ್ಲಿಸಬೇಡಿ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆದರೆ ಅಡಿಕೆ ಮೂಟೆ, ಭತ್ತ, ಹಿಂಡಿ ಇಡುವ ಶೆಡ್ಡೂ ಬೇಡ. ಕಾಳು ತಿನ್ನಲು ಬಂದ ಇಲಿ ವೈರನ್ನೂ ಕಡಿಯುತ್ತದೆ. ಈಗಿನ ಕಾರಿನಲ್ಲಿ ಒಂದು ವೈರಿಂಗ್ ಕಟ್ಟು ಬದಲಿಸುವುದು ಅಂದರೆ ಅರ್ಧ ಕಾರು ಬಿಚ್ಚುವ ಕೆಲಸ. ತಂಬಾಕು ಎಲೆ ಕಟ್ಟುತ್ತಾರೆ, ಪುದೀನಾ ಎಣ್ಣೆ ಹೊಡೆಯುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಶೆಡ್ಡಿನ ಬಾಗಿಲ ಸಂದಿಗೆ ಕಬ್ಬಿಣದ ಜಾಲರಿ ಹೊಡೆಸಿ, ಬೆಕ್ಕು ಸಾಕಿ. ಆ ಬೆಕ್ಕು ಕಾರಿನ ಕವರ್ ಮೇಲೇ ಮಲಗುತ್ತದೆ ಅನ್ನೋದು ಬೇರೆ ಮಾತು.

ಕವರ್ ಗಾಳಿಯಾಡುವ ಬಟ್ಟೆಯದೇ ಆಗಿರಬೇಕು. ನೀಲಿ ತಾಡಪಾಲು ಹೊದಿಸಿದರೆ ಒಳಗಿನ ಹಸಿ ಹೊರಗೆ ಹೋಗುವುದಿಲ್ಲ, ಪೇಂಟ್ ಮೇಲೆ ಕಲೆ ಕೂರುತ್ತದೆ, ಲೆದರ್ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಕಾರಿಗೆ ಕವರ್ ಹಾಕುವುದಂತೂ ಬೇಡವೇ ಬೇಡ. ನೆಲದ ಮ್ಯಾಟ್ ತೆಗೆದು ಮನೆಯೊಳಗೆ ಇಡಿ. ಒಳಗಿನ ಉಪ್ಪಿನಿಂದ ತೇವ ಹೀರುವ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ನೀರು ತುಂಬಿದ ಡಬ್ಬಿ ಉರುಳಿದರೆ ಆ ಉಪ್ಪುನೀರು ಕಾರ್ಪೆಟ್ಟಿಗೇ ಇಳಿಯುತ್ತದೆ, ಅಗಲ ತಟ್ಟೆಯಲ್ಲಿ ಇಡಿ. ಶೆಡ್ಡು ಚೆನ್ನಾಗಿ ಮುಚ್ಚುವಂತಿದ್ದರೆ ಗಾಳಿಯ ತೇವ ಎಳೆಯುವ ಯಂತ್ರ, ಒಂದು ಡಿಹ್ಯೂಮಿಡಿಫೈಯರ್ ತಂದು ತೇವಾಂಶವನ್ನು ಶೇ. 60ರ ಒಳಗೆ ಇಟ್ಟುಕೊಳ್ಳಿ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಇದ್ದರೆ ಇದನ್ನು ದುಬಾರಿ ಚಟ ಅಂತ ನೋಡಬೇಡಿ, ಕಾರಿನ ಬೆಲೆಯಲ್ಲೇ ಸೇರಿಸಿಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ ಅಲ್ವಾ.

ಬ್ಯಾಟರಿ ವಿಷಯಕ್ಕೆ ಬಂದರೆ, ಈ ಕಾರುಗಳು ನಿಂತಿದ್ದರೂ ಪೂರ್ತಿ ಮಲಗುವುದಿಲ್ಲ. ಅಲಾರಂ, ಟ್ರ್ಯಾಕರ್, ಕೀಲೆಸ್ ರಿಸೀವರ್ ಎಲ್ಲವೂ ಸ್ವಲ್ಪಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ. ಕೆಲವು ವಾರದಲ್ಲಿ ಬ್ಯಾಟರಿ ಕುಸಿಯುತ್ತದೆ, ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಸಂಬಂಧವೇ ಇಲ್ಲದ ಎಚ್ಚರಿಕೆಗಳು ಸಾಲಾಗಿ ಬರುತ್ತವೆ. ನಿಂತ ಕಾರಿನ ಬ್ಯಾಟರಿಯನ್ನು ಚಾರ್ಜಿನಲ್ಲೇ ಇಡುವ ಬ್ಯಾಟರಿ ಮೇಂಟೇನರ್ ಹಾಕಿಡಿ. ಎಜಿಎಂ (ಸೀಸದ ಬ್ಯಾಟರಿಯ ಒಂದು ಬಗೆ) ಬ್ಯಾಟರಿಯೋ ಲಿಥಿಯಂ ಬ್ಯಾಟರಿಯೋ ನೋಡಿಕೊಂಡು ಅದಕ್ಕೆ ಸರಿಹೊಂದುವುದನ್ನೇ ತನ್ನಿ. ಗುಡುಗು ಸಿಡಿಲು ಶುರುವಾದಾಗ ಟಿವಿ ಪ್ಲಗ್ ಕೀಳುತ್ತೀರಲ್ಲ, ಇದನ್ನೂ ಕಿತ್ತಿಡಿ. ಪೋರ್ಷೆ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಬ್ಯಾಟರಿ ಇರುವುದು ಮುಂದಿನ ಬಾನೆಟ್ ಕೆಳಗೆ, ಆ ಬಾನೆಟ್ ತೆರೆಯಲು ಕರೆಂಟು ಬೇಕು. ಬ್ಯಾಟರಿ ಸತ್ತರೆ ಕಾಲಿನ ಹತ್ತಿರದ ಫ್ಯೂಸ್ ಬಾಕ್ಸಿನಲ್ಲಿ ಒಂದು ಟರ್ಮಿನಲ್ ಎಳೆದು, ಹೊರಗಿನಿಂದ ಕರೆಂಟು ಕೊಟ್ಟು ತೆರೆಯಬೇಕು. ಮ್ಯಾನ್ಯುಯಲ್‌ನಲ್ಲಿ ಆ ಪುಟವನ್ನು ಈಗಲೇ ಹುಡುಕಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ.

"ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು" ಅಂತ ಎಲ್ಲರೂ ಹೇಳುತ್ತಾರೆ. ಇದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ಎಂಜಿನ್ ಬಿಸಿಯಾಗುವ ಮುಂಚೆಯೇ ಆಫ್ ಮಾಡಿದರೆ ಸೈಲೆನ್ಸರ್ ಒಳಗೂ ಆಯಿಲ್ ಒಳಗೂ ನೀರಿನ ಪಸೆ ಉಳಿಯುತ್ತದೆ. ಮಳೆ ಹೊಳವಾದ ದಿನ ಭದ್ರಾವತಿವರೆಗೆ ಹೋಗಿ ಬನ್ನಿ, ಆಯಿಲ್ ಟೆಂಪರೇಚರ್ 90 ಡಿಗ್ರಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಲಿ. ಅಷ್ಟು ಆಗದಿದ್ದರೆ ಸ್ಟಾರ್ಟ್ ಮಾಡದೇ ಬಿಡುವುದೇ ವಾಸಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ ಇದ್ದಷ್ಟು ಒಳ್ಳೆಯದು. ಟೈರ್ ಗಾಳಿಯನ್ನು ಬದಿಯಲ್ಲಿ ಬರೆದ ಗರಿಷ್ಠ ಮಿತಿಯೊಳಗೆ ಸ್ವಲ್ಪ ಏರಿಸಿ, ಇಲ್ಲದಿದ್ದರೆ ಒಂದೇ ಕಡೆ ಚಪ್ಪಟೆಯಾಗುತ್ತದೆ. ಓಡಿಸುವ ಮುಂಚೆ ಇಳಿಸಲು ಮರೆಯಬೇಡಿ. ಮಟ್ಟಸ ನೆಲವಾದರೆ ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಮರದ ತುಂಡು ಕೊಡಿ, ಬ್ರೇಕ್ ಹಾಕಿಟ್ಟರೆ ತೇವಕ್ಕೆ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ.

ಎಲೆ! ಇದನ್ನು ಪಟ್ಟಣದವರು ಯಾರೂ ಹೇಳುವುದಿಲ್ಲ. ಪೋರ್ಷೆಯ 911, 718 ಎರಡರಲ್ಲೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಬದಿಯಲ್ಲಿ ನೆಲಕ್ಕೆ ಹತ್ತಿರ ಕೂತಿರುತ್ತವೆ. ತೋಟದ ದಾರಿಯ ತರಗೆಲೆಯೆಲ್ಲ ಆ ತೂತಿಗೆ ಹೋಗಿ, ಕೊಳೆತು, ಹಸಿ ಹಿಡಿದು, ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ಶುಚಿ ಮಾಡಿಸಿ. ವೈಪರ್ ಕೆಳಗಿನ ನೀರು ಹೋಗುವ ದಾರಿ, ಸನ್‌ರೂಫ್ ಇದ್ದರೆ ಅದರ ಕೊಳವೆ, ಇವನ್ನು ಮಳೆಗೆ ಮೊದಲೇ ಬಿಡಿಸಿಕೊಳ್ಳಿ. ಕಟ್ಟಿಕೊಂಡ ನೀರು ಕಾರ್ಪೆಟ್ ಕೆಳಗಿನ ಎಲೆಕ್ಟ್ರಾನಿಕ್ಸ್‌ಗೆ ಇಳಿದರೆ ಬಿಲ್ಲು ಲಕ್ಷಗಳಲ್ಲಿ ಬರುತ್ತದೆ.

ಸರ್ವೀಸ್ ಅಂದರೆ ಹೆಚ್ಚಿನವರಿಗೆ ಬೆಂಗಳೂರು, ಸುಮಾರು 300 ಕಿಲೋಮೀಟರ್. ಕಿ.ಮೀ. ಓಡಿಲ್ಲ ಅಂತ ಆಯಿಲ್ ಬಿಡಬೇಡಿ, ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ. ಅದೂ ತೇವ ಹೀರುತ್ತದೆ, ನೀರು ಸೇರಿದಷ್ಟು ಕುದಿಯುವ ಬಿಂದು ಇಳಿಯುತ್ತದೆ, ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ.

ಪಂಕ್ಚರ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿರಿ. ಜ್ಯಾಕ್ ಇಡುವ ಜಾಗ ನೀವೇ ತೋರಿಸಿ, ಒಂದು ರಬ್ಬರ್ ಬಿಲ್ಲೆ ಕಾರಿನಲ್ಲೇ ಇರಲಿ. ಬೋಲ್ಟನ್ನು ಹೇಳಿದಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ಕೊಂಡುಕೊಳ್ಳಿ. ಇತ್ತೀಚಿನ 911, 718ರ ಐದು ಬೋಲ್ಟಿನ ಚಕ್ರಕ್ಕೆ 160 ನ್ಯೂಟನ್ ಮೀಟರ್, ಬೇರೆ ಕಾರಿಗೆ ಅದರ ಮ್ಯಾನ್ಯುಯಲ್ ನೋಡಿ. ಇವುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಒಂದು ಬಾಟಲಿ ಅಂಟು ಮತ್ತು ಕಂಪ್ರೆಸರ್ ಅಷ್ಟೇ. ಟೈರಿನ ಬದಿ ಹರಿದರೆ ಆ ಅಂಟಿನಿಂದ ಏನೂ ಆಗುವುದಿಲ್ಲ. ನಿಮ್ಮ ಸೈಜಿನ ಟೈರು ಊರಲ್ಲಿ ಸಿಗುವುದೂ ಕಷ್ಟ. ಕಾರು ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿಯವರ ನಂಬರ್ ಮೊದಲೇ ಇಟ್ಟುಕೊಳ್ಳಿ. ಎಳೆಯುವ ಕೊಕ್ಕೆ ಟೂಲ್ ಕಿಟ್‌ನಲ್ಲಿದೆ, ಬಂಪರಿನ ಮುಚ್ಚಳ ತೆಗೆದು ತಿರುಗಿಸಬೇಕು.

ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಬೇರೆಯಾಗಿ ಸೇರಿಸಿ. ಸಂಕದ ಮೇಲೆ ನೀರು ಹರಿಯುತ್ತಿದ್ದರೆ ಮುಂದಿನ ಜೀಪು ದಾಟಿತು ಅಂತ ನೀವು ಇಳಿಯಬೇಡಿ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದಾಗ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾಮಾನ್ಯ ಪಾಲಿಸಿ ಅದಕ್ಕೆ ದುಡ್ಡು ಕೊಡುವುದಿಲ್ಲ.

ಆಯುಧಪೂಜೆಗೆ ಕಾರು ಹೊರಗೆ ಬರುತ್ತದೆ. ಅರಿಶಿನ ಕುಂಕುಮವನ್ನು ಗಾಜಿಗೆ ಇಡಿ, ಪೇಂಟ್ ಕಾಪಾಡಲು ಅಂಟಿಸಿದ ಪಿಪಿಎಫ್ ಎಂಬ ಪಾರದರ್ಶಕ ಹಾಳೆಯ ಮೇಲೆ ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಮೊದಲ ಕೆಲವು ಬ್ರೇಕು ಗರಗರ ಅನ್ನುತ್ತದೆ, ಅದು ಡಿಸ್ಕಿನ ಮೇಲಿನ ತುಕ್ಕು, ಖಾಲಿ ರಸ್ತೆಯಲ್ಲಿ ಮೆಲ್ಲಗೆ ಒತ್ತುತ್ತಾ ಹೋದರೆ ಸ್ವಚ್ಛವಾಗುತ್ತದೆ. ಟೈರಿನ ಗೀರಿನ ಆಳ ಸವೆದು 1.6 ಮಿ.ಮೀ.ಗೆ ಬರುವವರೆಗೆ ಕಾನೂನು ಒಪ್ಪುತ್ತದೆ. ಆದರೆ ಅಗಲ ಟೈರು ನೀರಿನ ಮೇಲೆ ಬೇಗ ತೇಲುತ್ತದೆ, ಇಲ್ಲಿ 3ಕ್ಕೆ ಬಂದಾಗಲೇ ಬದಲಿಸಿ.

ಆಗುಂಬೆ ಘಾಟಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಬರುವ ಬಸ್ಸಿಗೆ ಪೂರ್ತಿ ರಸ್ತೆ ಬೇಕು, ಕೊಡಿ. ಇಳಿಯುವಾಗ ಗೇರನ್ನು ಕೈಯಿಂದಲೇ ಎರಡಕ್ಕೆ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿನ ಒಳಬದಿಯಲ್ಲಿ ಟಾರು ಎದ್ದಿದ್ದರೆ ಹೊರಬದಿಗೆ ಸರಿಯುವ ಮುಂಚೆ ಎದುರಿಗೆ ಯಾರೂ ಇಲ್ಲ ಅಂತ ನೋಡಿಕೊಳ್ಳಿ. ವ್ಯೂ ಪಾಯಿಂಟಿನಲ್ಲಿ ಮಂಗಗಳಿವೆ. ಗಾಜು ಏರಿಸಿ, ವೈಪರ್ ರಬ್ಬರಿನ ಮೇಲೆ ಒಂದು ಕಣ್ಣಿಡಿ.